ರೇಷ್ಮೆಯ ಮನೆಯಲ್ಲಿ ಸೊಳ್ಳೆ

ರೇಷ್ಮೆಹುಳು ಸಾಕುವವರ ಮಾತಿನಲ್ಲಿ ಒಂದು ವಿಶೇಷವುಂಟು. ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ನಿಂತು ಹಳೆಯ ಚರ್ಮವನ್ನು ಕಳಚುವ ಅವಸ್ಥೆಗೆ ಅವರು ‘ಜ್ವರ’ ಎನ್ನುತ್ತಾರೆ. ಒಂದನೆಯ ಜ್ವರ, ಎರಡನೆಯ ಜ್ವರ, ಹೀಗೆ ನಾಲ್ಕು ಜ್ವರಗಳನ್ನು ದಾಟಿದ ಹುಳು ಐದನೆಯ ಹಂತದಲ್ಲಿ ಹಗಲಿರುಳೆನ್ನದೆ ತಿಂದು, ಹಣ್ಣಾಗಿ, ಚಂದ್ರಿಕೆಯ ಮೇಲೇರಿ ಗೂಡು ಕಟ್ಟುತ್ತದೆ. ಈ ಜ್ವರ ರೋಗವಲ್ಲ, ಬೆಳವಣಿಗೆಯ ಗುರುತು. ಆದರೆ ಹುಳುವಿಗೆ ಜ್ವರ ಬಂದಿರುವ ಹೊತ್ತಿನಲ್ಲಿಯೇ ಅದನ್ನು ಸಾಕುವ ಮನೆಯವರಿಗೂ ಜ್ವರ ಬಂದರೆ ಆಗುವುದೇನು? ಅವರದು ನಿಜವಾದ ಜ್ವರ. ಡೆಂಗಿಯೋ, ಚಿಕುನ್‌ಗುನ್ಯವೋ ಇರಬಹುದು. ಅದನ್ನು ತರುವ ಸೊಳ್ಳೆಯಾದರೂ ಎಲ್ಲಿಂದಲೋ ಹಾರಿ ಬಂದುದಲ್ಲ. ಅನೇಕ ವೇಳೆ ಅದು ಹುಟ್ಟಿ ಬೆಳೆದುದು ಅದೇ ಮನೆಯ ಅಂಗಳದಲ್ಲಿ, ಕೆಲವೊಮ್ಮೆ ಅದೇ ಹುಳುಮನೆಯ ಒಳಗೆ.

ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 50 ಕಿಲೋಮೀಟರು ಬಂದರೆ ರಾಮನಗರ ಸಿಗುತ್ತದೆ. ಅದರ ತಾಲ್ಲೂಕಿನ ಹೋಬಳಿಗಳಲ್ಲಿ ಕೂಟಗಲ್ ಒಂದು. ಹೆಸರಿನಲ್ಲಿಯೇ ಕಲ್ಲನ್ನು ಹೊತ್ತಿರುವ ಈ ಸೀಮೆಯಲ್ಲಿ ಎತ್ತ ನೋಡಿದರೂ ಬೆಟ್ಟಬಂಡೆಗಳೇ. ಭೂವಿಜ್ಞಾನಿಗಳು ಈ ಶಿಲೆಯನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಬಂಡೆಗಳ ನಡುವೆ ಮಣ್ಣು ಕಂಡಲ್ಲೆಲ್ಲ ಹಿಪ್ಪುನೇರಳೆಯ ತೋಟಗಳಿವೆ. ಇಲ್ಲಿ ಬೆಳೆದ ಗೂಡು ರಾಮನಗರದ ಹೆಸರಾಂತ ಗೂಡಿನ ಮಾರುಕಟ್ಟೆಗೆ ಹೋಗುತ್ತದೆ. ವರ್ಷಕ್ಕೆ ಒಂದು ಬೆಳೆಯಲ್ಲ. ಐದಾರು ಬೆಳೆ ತೆಗೆಯುವ ಕುಟುಂಬಗಳು ಎಷ್ಟೋ ಇವೆ. ರೈತನು ‘ನೂರು ಮೊಟ್ಟೆ ಕಟ್ಟಿದ್ದೇನೆ’ ಎಂದರೆ ನೂರೇ ಮೊಟ್ಟೆಯೆಂದು ತಿಳಿಯಬಾರದು. ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳೆಂದು ಅದರ ಅರ್ಥ. ಅಂದರೆ ನಲವತ್ತರಿಂದ ಐವತ್ತು ಸಾವಿರ ಹುಳುಗಳು. ಇಷ್ಟು ಬಾಯಿಗಳು ತಮ್ಮ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಐದನೆಯ ಹಂತದ ಏಳೆಂಟು ದಿನಗಳಲ್ಲಿಯೇ ಖರ್ಚಾಗುತ್ತದೆ. ಆ ವಾರದಲ್ಲಿ ಸೊಪ್ಪು ಕೊಯ್ಯುವ, ಹೊರುವ, ಹಾಕುವ ಕೈಗಳು ಒಂದು ದಿನ ಮಲಗಿದರೂ ಬೆಳೆ ಕೈಬಿಟ್ಟಂತೆಯೇ.

2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕವನ್ನು ಹೊಕ್ಕಾಗ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದುವು. ಅದರಿಂದ ಸತ್ತವರು ವಿರಳ, ನಿಜ. ಆದರೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಕೀಲುಗಳು ಬಿಗಿದು ಮುಷ್ಟಿ ಮಡಿಸಲಾಗದೆ ಹೋಯಿತು. ಕುಡುಗೋಲು ಹಿಡಿದು ಬದುಕುವವನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಯಾವುದು? ಆದುದರಿಂದ ರೇಷ್ಮೆಯ ಶತ್ರುಗಳನ್ನು ಎಣಿಸುವಾಗ ಊಜಿ ನೊಣ, ಹಾಲುರೋಗ, ಸುಣ್ಣಕಟ್ಟು ರೋಗಗಳ ಜೊತೆಗೆ ಸೊಳ್ಳೆಯನ್ನೂ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದು ಹುಳುವನ್ನು ಮುಟ್ಟುವುದಿಲ್ಲ. ಹುಳುವನ್ನು ಸಾಕುವ ಕೈಯನ್ನು ಮುಟ್ಟುತ್ತದೆ.

ಹಾಗಾದರೆ ಸೊಳ್ಳೆಗೆ ವಿಷ ಹೊಡೆಯಬಾರದೇಕೆ ಎಂದು ಪಟ್ಟಣದ ವಿದ್ಯಾರ್ಥಿಗಳು ಕೇಳಬಹುದು. ಇಲ್ಲಿಯೇ ತೊಡಕಿರುವುದು. ಸೊಳ್ಳೆಯೂ ಕೀಟ, ರೇಷ್ಮೆಹುಳುವೂ ಕೀಟ. ಎರಡಕ್ಕೂ ಮೊಟ್ಟೆ, ಮರಿಹುಳು, ಕೋಶ, ರೆಕ್ಕೆಯ ಪ್ರಾಣಿ ಎಂಬ ನಾಲ್ಕು ಅವಸ್ಥೆಗಳುಂಟು. ಎರಡರ ನರಗಳೂ ಒಂದೇ ಬಗೆಯಲ್ಲಿ ಕೆಲಸ ಮಾಡುತ್ತವೆ. ಸೊಳ್ಳೆಬತ್ತಿಯಲ್ಲಿಯೂ ವಿದ್ಯುತ್ತಿಗೆ ಸಿಕ್ಕಿಸುವ ದ್ರವದಲ್ಲಿಯೂ ಇರುವುದು ಪೈರೆಥ್ರಾಯ್ಡ್ ಎಂಬ ವರ್ಗದ ವಸ್ತುಗಳು. ಸೇವಂತಿಗೆಯ ಜಾತಿಗೆ ಸೇರಿದ ಒಂದು ಹೂವಿನ ವಿಷವನ್ನು ನೋಡಿ ರಸಾಯನ ವಿಜ್ಞಾನಿಗಳು ಕೃತಕವಾಗಿ ತಯಾರಿಸಿದ ಇವು ಕೀಟದ ನರತಂತುವಿನಲ್ಲಿ ಸೋಡಿಯಮ್ ಅಯಾನುಗಳು ಹಾಯುವ ಬಾಗಿಲನ್ನು ಮುಚ್ಚಗೊಡುವುದಿಲ್ಲ. ನರ ಸುಮ್ಮನಾಗದೆ ಮತ್ತೆಮತ್ತೆ ಮಿಡಿಯುತ್ತದೆ. ಕೀಟ ನಡುಗಿ, ಸೊರಗಿ ಬೀಳುತ್ತದೆ. ಆ ಬಾಗಿಲು ಸೊಳ್ಳೆಯದೋ ರೇಷ್ಮೆಹುಳುವಿನದೋ ಎಂದು ವಿಷ ಕೇಳುವುದಿಲ್ಲ. ಅಷ್ಟೇ ಅಲ್ಲ, ಸಾವಿರಾರು ವರ್ಷ ಮನುಷ್ಯನ ಆಸರೆಯಲ್ಲಿ ಬೆಳೆದ ರೇಷ್ಮೆಹುಳು ಕಾಡಿನ ಕೀಟಗಳ ಗಟ್ಟಿತನವನ್ನು ಕಳೆದುಕೊಂಡಿದೆ. ಸೊಳ್ಳೆ ತಪ್ಪಿಸಿಕೊಂಡು ಹೋಗುವ ಪ್ರಮಾಣದಲ್ಲಿಯೇ ಅದು ತಟ್ಟೆಯಲ್ಲಿ ಬಾಯಿಂದ ರಸ ಕಕ್ಕಿ ಒದ್ದಾಡಬಹುದು. ಹೊಗೆಸೊಪ್ಪು ಕೂಡ ಅದಕ್ಕೆ ವಿಷವೇ. ಹುಳುಮನೆಯ ಬಳಿ ಬೀಡಿ ಸೇದಬೇಡವೆಂದು ಹಿರಿಯರು ಗದರಿಸುವುದು ಬರಿಯ ಮಡಿಯ ಮಾತಲ್ಲ.

ಊರಿನಲ್ಲಿ ಜ್ವರ ಹಬ್ಬಿದಾಗ ಯಂತ್ರದಿಂದ ಬಿಡುವ ಹೊಗೆಯೂ ಹೀಗೆಯೇ. ಅದು ಹಾರಾಡುತ್ತಿರುವ ಸೊಳ್ಳೆಗಳನ್ನು ಮಾತ್ರ ಕೊಲ್ಲುತ್ತದೆ. ನೀರಿನಲ್ಲಿರುವ ಮರಿಗಳು ಅದರ ಗೊಡವೆಯೇ ಇಲ್ಲದೆ ಬೆಳೆದು ಮೂರು ನಾಲ್ಕು ದಿನಗಳಲ್ಲಿ ಸತ್ತವುಗಳ ಸ್ಥಾನವನ್ನು ತುಂಬುತ್ತವೆ. ಆದರೆ ಗಾಳಿಗೆ ತೇಲಿದ ಅದೇ ಹೊಗೆ ಪಕ್ಕದ ಹಿಪ್ಪುನೇರಳೆಯ ಎಲೆಯ ಮೇಲೆ ಕುಳಿತು, ಮಾರನೆಯ ದಿನ ಹುಳುವಿನ ಹೊಟ್ಟೆಯನ್ನು ಸೇರುತ್ತದೆ. ಸದ್ದು ದೊಡ್ಡದು, ಫಲ ಸಣ್ಣದು, ನಷ್ಟ ಮಾತ್ರ ಖಂಡಿತ.

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯ ತಗಲುತ್ತಿತ್ತೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. 1965ರ ವೇಳೆಗೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ಸೊಳ್ಳೆಗಳಲ್ಲಿ ವಿಷವನ್ನು ಅರಗಿಸಿಕೊಳ್ಳುವ ವಂಶಗಳು ಉಳಿದು ಹೆಚ್ಚಿದುವು. ಕೆಲಸದಲ್ಲಿ ಸಡಿಲಿಕೆಯೂ ಬಂದಿತು. 1976ರಲ್ಲಿ ಸಂಖ್ಯೆ ಮತ್ತೆ 64 ಲಕ್ಷಕ್ಕೆ ಏರಿತು. ರೇಷ್ಮೆಯ ಹಳ್ಳಿಗಳ ಬೆಳೆಗಾರರು ಸಿಂಪಡಿಸುವವರಿಗೆ ಬಾಗಿಲು ತೆರೆಯಲು ಒಪ್ಪುತ್ತಿರಲಿಲ್ಲ. ಅವರನ್ನು ತಿಳಿಗೇಡಿಗಳೆಂದು ಹಳಿದವರುಂಟು. ತಮ್ಮ ಹುಳುವಿನ ವಿಷಯದಲ್ಲಿ ಅವರು ಹೇಳಿದುದು ಅಕ್ಷರಶಃ ಸರಿಯಾಗಿತ್ತು. ವಿಷವಿಲ್ಲದ ದಾರಿಯನ್ನು ಅವರಿಗೆ ತೋರಿಸಿಕೊಡುವುದು ತಿಳಿದವರ ಹೊಣೆಯಾಗಿತ್ತು.

ಆ ದಾರಿ ಹೊಸದೇನೂ ಅಲ್ಲ. ಅದನ್ನು ಕಂಡುಕೊಂಡ ಸ್ಥಳಗಳಲ್ಲಿ ಒಂದು ನಮ್ಮ ಬೆಂಗಳೂರೇ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೈನ್ಯವೈದ್ಯ ಬೆಂಗಳೂರಿನ ದಂಡಿಗೆ ಬಂದನು. ಅವನಿಗೆ ದೊರೆತ ಬಂಗಲೆ ಎಲ್ಲ ರೀತಿಯಿಂದಲೂ ಹಿತವಾಗಿತ್ತು, ಸೊಳ್ಳೆಯ ಕಾಟವೊಂದರ ಹೊರತು. ಕಾರಣವೇನೆಂದು ಹುಡುಕಿದಾಗ ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಮಿಜಿಗುಡುತ್ತಿದ್ದುವು. ರಾಸ್ ತೊಟ್ಟಿಯನ್ನು ಮಗುಚಿದನು, ಸೊಳ್ಳೆ ಕಡಿಮೆಯಾಯಿತು. ಉತ್ಸಾಹದಿಂದ ಅವನು ಮೇಲಿನ ಅಧಿಕಾರಿಯ ಬಳಿಗೆ ಹೋಗಿ, ಅಧಿಕಾರಿಗಳ ಭೋಜನಶಾಲೆಯ ತೋಟದ ತೊಟ್ಟಿಗಳಲ್ಲಿ, ಹೂದಾನಿಗಳಲ್ಲಿ, ಊಟದ ಮೇಜಿನ ಕೆಳಗಿನ ತಗಡಿನ ಡಬ್ಬಿಗಳಲ್ಲಿ ಕೂಡ ಸೊಳ್ಳೆ ಹುಟ್ಟುತ್ತಿದೆಯೆಂದು ತೋರಿಸಿದನು. ಆ ಅಧಿಕಾರಿಗೆ ಇದು ಸೃಷ್ಟಿಕ್ರಮಕ್ಕೆ ಕೈಹಾಕುವ ಕೆಲಸವೆಂದು ತೋರಿತಂತೆ. ಸೊಳ್ಳೆಯನ್ನು ದೇವರು ಯಾವುದೋ ಉದ್ದೇಶದಿಂದಲೇ ಸೃಷ್ಟಿಸಿರುವನೆಂದೂ ಸಹಿಸಿಕೊಳ್ಳುವುದೇ ಕರ್ತವ್ಯವೆಂದೂ ಹೇಳಿ ಅವನನ್ನು ಹಿಂದಕ್ಕೆ ಕಳುಹಿಸಿದನು. ಆಗ ಸೊಳ್ಳೆಗೂ ಮಲೇರಿಯಕ್ಕೂ ಸಂಬಂಧವಿದೆಯೆಂದು ಯಾರಿಗೂ ಸಿದ್ಧವಾಗಿರಲಿಲ್ಲ. ಅದನ್ನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಸೊಳ್ಳೆಯ ಜಠರದ ಗೋಡೆಯಲ್ಲಿ ಪರಾವಲಂಬಿ ಜೀವಿಯನ್ನು ಕಂಡು ತೋರಿಸಿದವನು ಇದೇ ರಾಸ್. 1902ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಆದರೂ ಬೆಂಗಳೂರಿನ ಆ ಮಗುಚಿದ ತೊಟ್ಟಿಯಲ್ಲಿ ಒಂದು ಇಡೀ ಶಾಸ್ತ್ರವೇ ಅಡಗಿತ್ತೆಂದು ನಮಗೆ ಅನ್ನಿಸುತ್ತದೆ.

ಮೇಜಿನ ಕೆಳಗೆ ತಗಡಿನ ಡಬ್ಬಿಗಳೇಕಿದ್ದುವು? ಇರುವೆ ಹತ್ತದಿರಲೆಂದು ಮೇಜಿನ ಕಾಲುಗಳನ್ನು ನೀರಿನ ಡಬ್ಬಿಯಲ್ಲಿ ನಿಲ್ಲಿಸುವುದು ಆ ಕಾಲದ ರೂಢಿ. ಓದುಗರು ಈಗ ಕೂಟಗಲ್ಲಿನ ಕಡೆಯ ಯಾವುದಾದರೊಂದು ಹುಳುಮನೆಯನ್ನು ಹೊಕ್ಕು, ಬಗ್ಗಿ ನೋಡಬೇಕು. ತಟ್ಟೆಗಳನ್ನಿಟ್ಟ ಸ್ಟ್ಯಾಂಡಿನ ಪ್ರತಿಯೊಂದು ಕಾಲಿನ ಕೆಳಗೂ ಒಂದೊಂದು ಬೋಗುಣಿ, ಅದರಲ್ಲಿ ನೀರು. ಇರುವೆ ರೇಷ್ಮೆಹುಳುವನ್ನು ಕಚ್ಚಿ ಕೊಂಡೊಯ್ಯುವ ಶತ್ರುವಾದುದರಿಂದ ಈ ನೀರಿನ ಕಂದಕ ಅವಶ್ಯವೇ. ಆದರೆ ನೆರಳು, ತಂಪು, ಕದಡದ ನೀರು, ಅದರೊಳಗೆ ಬಿದ್ದು ಕೊಳೆಯುವ ಎಲೆಯ ಚೂರು, ಹತ್ತಿರದಲ್ಲಿಯೇ ಹಗಲೆಲ್ಲ ಕೆಲಸ ಮಾಡುವ ಮನುಷ್ಯರ ಕಾಲುಗಳು, ಇವೆಲ್ಲ ಒಟ್ಟಿಗೆ ದೊರೆಯುವ ಇಂಥ ಸ್ಥಳವನ್ನು ಈಡಿಸ್ ಸೊಳ್ಳೆ ತಾನಾಗಿ ಬೇಡಿದ್ದರೂ ಸಿಗುತ್ತಿರಲಿಲ್ಲ.

ಈಡಿಸ್ ಈಜಿಪ್ಟೈ ಎಂಬುದು ಕಪ್ಪು ಮೈ, ಕಾಲುಗಳ ಮೇಲೆ ಬಿಳಿಯ ಪಟ್ಟೆ, ಬೆನ್ನಿನ ಮೇಲೆ ವೀಣೆಯ ಆಕಾರದ ಬಿಳಿಗೆರೆಗಳುಳ್ಳ ಸೊಳ್ಳೆ. ಡೆಂಗಿ, ಚಿಕುನ್‌ಗುನ್ಯಗಳನ್ನು ಮುಖ್ಯವಾಗಿ ಹರಡುವುದು ಇದೇ. ಇದು ಕಚ್ಚುವುದು ಹಗಲಿನಲ್ಲಿ. ರಾತ್ರಿಯ ಪರದೆಯೊಂದನ್ನೇ ನಂಬಿದವರನ್ನು ಇದು ಸುಲಭವಾಗಿ ವಂಚಿಸುತ್ತದೆ. ಬಹುದೂರ ಹಾರುವ ಪ್ರಾಣಿಯೂ ಅಲ್ಲ. ಸಾಮಾನ್ಯವಾಗಿ ಹುಟ್ಟಿದ ಕಡೆಯಿಂದ ನೂರಿನ್ನೂರು ಮೀಟರಿನ ಸುತ್ತಿನಲ್ಲಿಯೇ ಅದರ ಬಾಳು ಮುಗಿಯುತ್ತದೆ. ನಮ್ಮನ್ನು ಕಚ್ಚಿದ ಈಡಿಸ್ ನಮ್ಮ ಮನೆಯದು, ತಪ್ಪಿದರೆ ನೆರೆಮನೆಯದು.

ಇದರ ಮೊಟ್ಟೆಯ ಗುಣವನ್ನು ಅರಿತರೆ ಅರ್ಧ ಯುದ್ಧ ಗೆದ್ದಂತೆ. ಕ್ಯೂಲೆಕ್ಸ್ ಸೊಳ್ಳೆ ನೂರಾರು ಮೊಟ್ಟೆಗಳನ್ನು ತೆಪ್ಪದಂತೆ ಅಂಟಿಸಿ ನೀರಿನ ಮೇಲೆ ತೇಲಬಿಡುತ್ತದೆ. ಅನಾಫಿಲಿಸಿನ ಮೊಟ್ಟೆಗೆ ಎರಡು ಕಡೆಯೂ ಗಾಳಿಯ ಬುರುಡೆಗಳುಂಟು, ಒಂದೊಂದಾಗಿ ತೇಲುತ್ತದೆ. ಈಡಿಸ್ ಹಾಗಲ್ಲ. ಅದು ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಒದ್ದೆಯಾದ ಗೋಡೆಗೆ, ಕಪ್ಪು ಸಾಸಿವೆಯ ಪುಡಿಯಂಥ ಮೊಟ್ಟೆಗಳನ್ನು ಅಂಟಿಸುತ್ತದೆ. ನೀರು ಆರಿದರೂ ಆ ಮೊಟ್ಟೆ ಸಾಯುವುದಿಲ್ಲ. ತಿಂಗಳುಗಟ್ಟಲೆ ಒಣಗಿಕೊಂಡು ಕಾದಿದ್ದು, ಮತ್ತೆ ನೀರು ಮುಟ್ಟಿದಾಗ ಕೆಲವೇ ಗಂಟೆಗಳಲ್ಲಿ ಒಡೆಯಬಲ್ಲುದು.

ಇದನ್ನು ರೇಷ್ಮೆಯ ಬೆಳೆಯ ಲೆಕ್ಕದೊಡನೆ ಸೇರಿಸಿ ನೋಡೋಣ. ಒಂದು ಬೆಳೆ ಮೊಟ್ಟೆಯೊಡೆದಂದಿನಿಂದ ಹಣ್ಣಾಗುವವರೆಗೆ ಸುಮಾರು 25 ದಿನ. ಬೋಗುಣಿಗೆ ನೀರು ಹಾಕಿದ ಮೇಲೆ ಬೆಳೆ ಮುಗಿಯುವವರೆಗೆ ಅದನ್ನು ಬದಲಿಸದೆ, ಆರಿದಷ್ಟನ್ನು ಮಾತ್ರ ಮೇಲಿನಿಂದ ತುಂಬುತ್ತ ಹೋದರೆ, ನಮ್ಮ ಹವೆಯಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕಾದುದರಿಂದ, ಆ ಅವಧಿಯಲ್ಲಿ ಎರಡು ತಲೆಮಾರಿನ ಸೊಳ್ಳೆಗಳು ಎದ್ದು ಹೋಗಲು ಅವಕಾಶವಾಯಿತು. ಮೊದಲ ತಲೆಮಾರು ಸೋಂಕನ್ನು ಹೀರಿಕೊಂಡಿದ್ದರೆ ಅದು ರೋಗವನ್ನು ಹಂಚುವ ಹೊತ್ತಿಗೆ ಸರಿಯಾಗಿ ಹುಳು ಐದನೆಯ ಹಂತಕ್ಕೆ ಬಂದಿರುತ್ತದೆ. ಬೆಳೆ ಮುಗಿದ ಮೇಲೆ ನೀರು ಚೆಲ್ಲಿ ಬೋಗುಣಿಯನ್ನು ಬೋರಲಾಗಿಡುತ್ತಾರೆ. ಕೆಲಸ ಮುಗಿಯಿತೆಂದು ಭಾವನೆ. ಅಂಟಿದ ಮೊಟ್ಟೆಗಳು ಹಾಗೆಯೇ ಇವೆ. ಮುಂದಿನ ಬೆಳೆಗೆ ನೀರು ಹಾಕಿದ ದಿನವೇ ಎಚ್ಚರಗೊಳ್ಳುತ್ತವೆ. ರೈತನು ಒಂದು ಬೆಳೆಯ ಹುಳುವನ್ನು ಚಾಕಿ ಕಟ್ಟುವ ಹೊತ್ತಿಗೆ, ತನಗರಿವಿಲ್ಲದೆಯೇ ಇನ್ನೊಂದು ಬೆಳೆಯನ್ನೂ ಚಾಕಿ ಕಟ್ಟಿರುತ್ತಾನೆ.

ಪರಿಹಾರ ಕಷ್ಟದ್ದಲ್ಲ. ಎರಡು ಬೆಳೆಗಳ ನಡುವೆ ಹುಳುಮನೆಯನ್ನು ಬ್ಲೀಚಿಂಗ್ ಪುಡಿಯ ದ್ರಾವಣದಿಂದ ತೊಳೆದು ಶುದ್ಧಿ ಮಾಡುವ ವಾಡಿಕೆ ಹೇಗೂ ಉಂಟು. ಅದೇ ದ್ರಾವಣದಲ್ಲಿ ಬೋಗುಣಿಗಳನ್ನೂ ಮುಳುಗಿಸಿಟ್ಟು, ತೆಂಗಿನ ನಾರಿನಿಂದ ಒಳಮೈಯನ್ನು ಗಸಗಸ ತಿಕ್ಕಬೇಕು. ತಿಕ್ಕುವುದೇ ಮುಖ್ಯ, ಬರಿಯ ನೀರೆರಚಿ ತೊಳೆದರೆ ಮೊಟ್ಟೆ ಬಿಡುವುದಿಲ್ಲ. ಬೆಳೆ ನಡೆಯುತ್ತಿರುವಾಗ ನಾಲ್ಕೈದು ದಿನಕ್ಕೊಮ್ಮೆ ಬೋಗುಣಿಯ ನೀರನ್ನು ಚೆಲ್ಲಿ ಹೊಸ ನೀರು ಹಾಕಬೇಕು. ಹಾಕುವ ನೀರಿಗೆ ಸಾಬೂನನ್ನು ಕದಡಿದರೆ ಇನ್ನೂ ಒಳ್ಳೆಯದು. ಸಾಬೂನು ನೀರಿನ ಮೇಲ್ಮೈಯ ಬಿಗಿತವನ್ನು ಕಳೆಯುತ್ತದೆ, ಆ ಬಿಗಿತವನ್ನೇ ಆಧರಿಸಿ ನೇತಾಡುತ್ತ ಉಸಿರಾಡುವ ಮರಿಹುಳು ಮುಳುಗುತ್ತದೆ, ಇರುವೆಯೂ ಮುಳುಗುತ್ತದೆ. ಒಂದೇ ಬೋಗುಣಿಯಲ್ಲಿ ಎರಡು ಶತ್ರುಗಳಿಗೆ ಉಪಾಯವಾಯಿತು. ರೇಷ್ಮೆಹುಳುವಿನ ತಟ್ಟೆಗೆ ಅದರ ಸೋಂಕೂ ಇಲ್ಲ.

ಹುಳುಮನೆಯಿಂದ ಹಿತ್ತಲಿಗೆ ಬಂದರೆ ನೋಡಬೇಕಾದುದು ಬೇಕಾದಷ್ಟಿದೆ. ಯಂತ್ರ ಬಂದ ಮೇಲೆ ಅಡಿಗೆಮನೆಯಿಂದ ಹೊರಬಿದ್ದ ಒರಳುಕಲ್ಲು ಮಳೆಯ ನೀರು ಹೊತ್ತು ಮೂಲೆಯಲ್ಲಿ ಕುಳಿತಿರುತ್ತದೆ. ಎರಡಾಳು ಹಿಡಿದರೂ ಅಲುಗದ ಅದನ್ನು ಮಗುಚಿ ಚೆಲ್ಲಲಾಗದು. ಗುಳಿಗೆ ಮರಳು ಮಣ್ಣು ತುಂಬಿಬಿಡುವುದೇ ಸರಿ. ದನಗಳ ಕಲಗಚ್ಚಿನ ಬಾನಿ, ಕೊಟ್ಟಿಗೆಯ ಮೇಲೆಸೆದ ಹಳೆಯ ಟೈರು, ಕಾಯಿ ಕೆತ್ತಿದ ಮೇಲೆ ರಾಶಿ ಹಾಕಿದ ತೆಂಗಿನ ಚಿಪ್ಪು, ಹಿಪ್ಪುನೇರಳೆಯ ತೋಟದ ಬದುವಿನಲ್ಲಿ ಬಿದ್ದ ಪ್ಲಾಸ್ಟಿಕ್ ಲೋಟ, ಇವೆಲ್ಲ ಈಡಿಸಿನ ತೊಟ್ಟಿಲುಗಳೇ. ಆದರೆ ಎಲ್ಲಕ್ಕಿಂತ ದೊಡ್ಡ ತೊಟ್ಟಿಲು ನೀರು ಕೂಡಿಡುವ ಸಿಮೆಂಟಿನ ತೊಟ್ಟಿ ಮತ್ತು ಡ್ರಮ್ಮು. ನಲ್ಲಿಯಲ್ಲಿ ದಿನವೂ ನೀರು ಬಾರದ ಊರಿನಲ್ಲಿ ಕೂಡಿಡಬೇಡಿರೆಂದು ಹೇಳುವುದು ನ್ಯಾಯವಲ್ಲ. ಸೊಳ್ಳೆ ನುಸುಳದಂತೆ ಬಟ್ಟೆ ಬಿಗಿದು ಮುಚ್ಚುವುದು, ವಾರಕ್ಕೊಮ್ಮೆ, ಮನೆ ಸಾರಿಸುವ ದಿನವೇ ಆಗಲಿ, ಬರಿದು ಮಾಡಿ ಗೋಡೆ ತಿಕ್ಕುವುದು, ಇಷ್ಟನ್ನು ಹೇಳಬಹುದು. ವಾರವೆಂದುದಕ್ಕೆ ಕಾರಣ ಮೇಲೆ ಹೇಳಿದ ಎಂಟು ಹತ್ತು ದಿನಗಳ ಲೆಕ್ಕವೇ ಹೊರತು ಪಂಚಾಂಗವಲ್ಲ.

ಬಚ್ಚಲ ನೀರು ನಿಂತ ಕೊಚ್ಚೆಯಲ್ಲಿ ಹುಟ್ಟುವುದು ಕ್ಯೂಲೆಕ್ಸ್. ರಾತ್ರಿ ಕಿವಿಯ ಬಳಿ ಹಾಡುವ, ಆನೆಕಾಲು ರೋಗವನ್ನು ಹರಡಬಲ್ಲ ಸೊಳ್ಳೆ ಇದು. ಆ ನೀರನ್ನು ನಿಲ್ಲಗೊಡದೆ ಬಾಳೆಯ ಬುಡಕ್ಕೋ ತೆಂಗಿನ ಪಾತಿಗೋ ಹರಿಸಿದರೆ ಅದರ ಕಥೆ ಮುಗಿಯಿತು.

ಮಗುಚಲಾಗದ ನೀರೂ ಇದೆ: ಬಾವಿ, ಕಟ್ಟೆ, ಬಂಡೆಯ ಮೇಲಿನ ದೊಣೆ, ಕಲ್ಲು ಒಡೆದು ಬಿಟ್ಟುಹೋದ ಗಣಿಯ ಗುಂಡಿ. ಈ ತಿಳಿನೀರು ಅನಾಫಿಲಿಸಿಗೆ ಪ್ರಿಯ. ಮಲೇರಿಯ ಈಗ ಕರ್ನಾಟಕದಲ್ಲಿ ಬಹಳ ಮಟ್ಟಿಗೆ ಇಳಿದಿದೆಯಾದರೂ ಅದರ ಸೊಳ್ಳೆ ಹೋಗಿಲ್ಲ. ಈ ಸೊಳ್ಳೆಯ ಅಧ್ಯಯನದಲ್ಲಿ ಹಳೆಯ ಮೈಸೂರು ಸಂಸ್ಥಾನದ ಹೆಸರು ಶಾಶ್ವತವಾಗಿ ಸೇರಿದೆಯೆಂಬುದು ಅನೇಕರಿಗೆ ತಿಳಿಯದು. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ವಿಜ್ಞಾನಿಗಳು ಅನಾಫಿಲಿಸ್ ಸ್ಟೆಫೆನ್ಸೈ ಎಂಬ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಗಾಳಿಬುರುಡೆಯ ಮೇಲಿನ ಏಣುಗಳು ಕೆಲವು ಮೊಟ್ಟೆಗಳಲ್ಲಿ ಕಡಿಮೆಯಿರುವುದನ್ನು ಕಂಡು, ಆ ಬಗೆಗೆ ‘ಮೈಸೂರೆನ್ಸಿಸ್’ ಎಂದು ಹೆಸರಿಟ್ಟರು. ಪಟ್ಟಣದ ಬಗೆಯಷ್ಟು ಇದು ರೋಗ ಹರಡುವುದಿಲ್ಲ. ಊರಿನ ಹೆಸರು ಹೊತ್ತುದಕ್ಕೆ ಅಷ್ಟಾದರೂ ಮರ್ಯಾದೆ ಉಳಿಸಿತೆನ್ನಬಹುದು.

ಅದಕ್ಕೂ ಮೊದಲು, 1928ರಲ್ಲಿ, ಡಾ. ಬಿ. ಎ. ರಾವ್ ಅವರು ಇಟಲಿಯಿಂದ ಗಂಬೂಸಿಯ ಎಂಬ ಸಣ್ಣ ಮೀನನ್ನು ಬೆಂಗಳೂರಿಗೆ ತರಿಸಿದರು. ಅಮೆರಿಕ ಮೂಲದ ಈ ಬೆರಳುದ್ದದ ಮೀನು ದಿನವೊಂದಕ್ಕೆ ನೂರಕ್ಕೂ ಹೆಚ್ಚು ಮರಿಹುಳುಗಳನ್ನು ನುಂಗಬಲ್ಲುದು. ಮೊಟ್ಟೆಯಿಡದೆ ಮರಿ ಹಾಕುವುದರಿಂದ ಬೇಗ ಹೆಚ್ಚುತ್ತದೆ. ದಕ್ಷಿಣ ಅಮೆರಿಕದ ಗಪ್ಪಿ ಮೀನೂ ಇಂಥದೇ. ಕೊಳಕು ನೀರನ್ನೂ ಸಹಿಸುತ್ತದೆ. 1990ರ ದಶಕದಲ್ಲಿ ಮಲೇರಿಯ ಸಂಶೋಧನ ಕೇಂದ್ರದ ವಿಜ್ಞಾನಿಗಳು ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಈ ಮೀನುಗಳನ್ನೇ ಆಯುಧವಾಗಿ ಹಿಡಿದರು. ಅದೂ ರೇಷ್ಮೆಯ ಸೀಮೆಯೇ. ಹುಳುವಿಗೆ ಕೇಡೆಂದು ಮನೆಯೊಳಗೆ ವಿಷ ಸಿಂಪಡಿಸುವುದಕ್ಕೆ ಜನ ಒಪ್ಪದ ಸೀಮೆ. ಅಲ್ಲಿ ರೋಗ ಹರಡುತ್ತಿದ್ದ ಅನಾಫಿಲಿಸ್ ಕ್ಯೂಲಿಸಿಫೇಸೀಸ್ ಬಾವಿಗಳಲ್ಲಿ ಹುಟ್ಟುತ್ತಿದ್ದುದು ಗೊತ್ತಾಗಿ, ಬಾವಿಗಳಿಗೂ ಇತರ ನೀರಿಗೂ ಮೀನು ಬಿಟ್ಟರು. ಮರಿಹುಳುಗಳು ಕಡಿಮೆಯಾದುವು, ಮಲೇರಿಯವೂ ಇಳಿಯಿತು. ಒಂದು ತೊಟ್ಟು ವಿಷವಿಲ್ಲದೆ ರೇಷ್ಮೆಯ ಹಳ್ಳಿಗಳನ್ನು ಕಾಯಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊರೆತ ಉದಾಹರಣೆ ಇದು.

ಆದರೆ ಮೀನಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಗಂಬೂಸಿಯ ಹೊರನಾಡಿನಿಂದ ಬಂದ ಹೊಟ್ಟೆಬಾಕ. ಕಪ್ಪೆಯ ಮರಿ, ನಾಡಮೀನಿನ ಮೊಟ್ಟೆ ಯಾವುದನ್ನೂ ಬಿಡದು. ಪ್ರಪಂಚದ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಸುತ್ತುಗೋಡೆಯ ಬಾವಿಗೆ, ತೊಟ್ಟಿಗೆ ಬಿಟ್ಟರೆ ಹೆಚ್ಚಿನ ಅಪಾಯವಿಲ್ಲ. ಕೆರೆಗೋ ಅರ್ಕಾವತಿಯ ಹಳ್ಳಕ್ಕೋ ಬಿಡುವುದು ತಪ್ಪು. ಅಲ್ಲಿಗೆ ನಮ್ಮ ಸ್ವಂತ ಮೀನುಗಳಿವೆ. ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಹೊತ್ತು ನೀರಿನ ಮೇಲ್ಮೈಯಲ್ಲಿಯೇ ತಿರುಗುವ ಅಪ್ಲೋಕೀಲಸ್ ಎಂಬ ಸಣ್ಣ ಮೀನು ಎಷ್ಟೋ ಕಾಲದಿಂದ ಈ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದೆ.

ಮೀನೂ ಬದುಕದ ಗುಂಡಿಗೆ ಇನ್ನೊಂದು ಉಪಾಯವಿದೆ. ಅದರ ಚರಿತ್ರೆ ರೇಷ್ಮೆಯಿಂದಲೇ ಆರಂಭವಾಗುವುದು ವಿಚಿತ್ರ. 1901ರಲ್ಲಿ ಜಪಾನಿನ ಇಶಿವಾತ ಎಂಬ ವಿಜ್ಞಾನಿ, ರೇಷ್ಮೆಹುಳುಗಳು ಇದ್ದಕ್ಕಿದ್ದಂತೆ ಕುಸಿದು ಸಾಯುವ ರೋಗಕ್ಕೆ ಕಾರಣವಾದ ಒಂದು ಬ್ಯಾಕ್ಟೀರಿಯವನ್ನು ಕಂಡುಹಿಡಿದನು. ಮುಂದೆ ಜರ್ಮನಿಯ ಥುರಿಂಜಿಯದಲ್ಲಿ ಹಿಟ್ಟಿನ ಪತಂಗದ ಹುಳುವಿನಲ್ಲಿಯೂ ಅದು ದೊರೆತು ‘ಬ್ಯಾಸಿಲಸ್ ಥುರಿಂಜಿಯೆನ್ಸಿಸ್’ಎಂದು ಹೆಸರಾಯಿತು. ಅಂದರೆ ಇದು ರೇಷ್ಮೆಯ ಶತ್ರುವಾಗಿಯೇ ಮೊದಲು ಪರಿಚಯವಾದ ಜೀವಿ. ಆದರೆ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಳದಲ್ಲಿ ಸತ್ತ ಸೊಳ್ಳೆಮರಿಗಳ ನಡುವೆ ದೊರೆತ ಮಣ್ಣಿನಿಂದ ಗೋಲ್ಡ್‌ಬರ್ಗ್ ಮತ್ತು ಮಾರ್ಗಲಿತ್ ಎಂಬವರು ಇದೇ ಕುಲದ ಬೇರೊಂದು ವಂಶವನ್ನು ಬೇರ್ಪಡಿಸಿದರು. ‘ಇಸ್ರೇಲೆನ್ಸಿಸ್’ ಎಂಬ ಈ ವಂಶ ಮುಖ್ಯವಾಗಿ ಸೊಳ್ಳೆ ಮತ್ತು ಅದರ ಬಳಗದ ನೊಣಗಳ ಮರಿಗಳನ್ನು ಕೊಲ್ಲುತ್ತದೆ.

ಒಂದೇ ಕುಲದಲ್ಲಿ ಈ ಭೇದವೇಕೆ? ಬ್ಯಾಕ್ಟೀರಿಯದೊಳಗೆ ಪ್ರೋಟೀನಿನ ಸಣ್ಣ ಹರಳುಗಳಿರುತ್ತವೆ. ಕ್ಷಾರಗುಣವುಳ್ಳ ಕರುಳಿನಲ್ಲಿ ಹರಳು ಕರಗಿ ವಿಷವಾಗುತ್ತದೆ. ರೇಷ್ಮೆಹುಳುವಿನ ಕರುಳೂ ಸೊಳ್ಳೆಮರಿಯ ಕರುಳೂ ಕ್ಷಾರವೇ. ಆದರೆ ಕರಗಿದ ವಿಷ ಕರುಳಿನ ಗೋಡೆಗೆ ಅಂಟಿಕೊಂಡು ರಂಧ್ರ ಕೊರೆಯಬೇಕಾದರೆ ಅಲ್ಲಿ ಅದಕ್ಕೆ ತಕ್ಕ ಕೊಂಡಿಯಿರಬೇಕು. ಪತಂಗದ ಹುಳುವಿನ ಕೊಂಡಿಗೆ ಹೊಂದುವ ವಿಷ ಒಂದು, ಸೊಳ್ಳೆಮರಿಯ ಕೊಂಡಿಗೆ ಹೊಂದುವ ವಿಷ ಮತ್ತೊಂದು. ಬೀಗ ಬೇರೆ, ಕೀಲಿಕೈ ಬೇರೆ. ಆದುದರಿಂದ ಕೊಳ್ಳುವಾಗ ಪೊಟ್ಟಣದ ಮೇಲಿನ ಹೆಸರನ್ನು ಕೊನೆಯವರೆಗೂ ಓದಬೇಕು. ತರಕಾರಿಯ ಹುಳುವಿಗೆ ಮಾರುವ ‘ಕುರ್‌ಸ್ಟಾಕಿ’ ಎಂಬ ವಂಶ ರೇಷ್ಮೆಗೆ ಮೃತ್ಯು. ‘ಇಸ್ರೇಲೆನ್ಸಿಸ್’ ಆದರೂ ನಿಂತ ನೀರಿಗೆ ಮಾತ್ರ ಸೇರಲಿ; ಹಿಪ್ಪುನೇರಳೆಯ ಎಲೆಗೆ ಸಿಡಿಯದಿರಲಿ. ಇದೂ ಕೋಶಾವಸ್ಥೆಯ ಸೊಳ್ಳೆಯನ್ನು ಕೊಲ್ಲಲಾರದು, ಏಕೆಂದರೆ ಕೋಶ ಏನನ್ನೂ ತಿನ್ನುವುದಿಲ್ಲ.

ಊಜಿ ನೊಣ 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಗಳನ್ನು ಹಾಳುಮಾಡತೊಡಗಿದಾಗ, ಬೆಳೆಗಾರರು ಹುಳುಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆ ಕಟ್ಟುವುದನ್ನು ಕಲಿತರು. ಇಂದು ಹುಳುವಿಗೆ ಬಲೆಯಿರುವ ಎಷ್ಟೋ ಮನೆಗಳಲ್ಲಿ ಮನುಷ್ಯರು ಮಲಗುವ ಕೋಣೆಗೆ ಬಲೆಯಿಲ್ಲ! ಊಜಿ ದಪ್ಪ ನೊಣವಾದುದರಿಂದ ಅದಕ್ಕೆ ಕಟ್ಟಿದ ಬಲೆ ಸೊಳ್ಳೆಯನ್ನು ತಡೆಯಲೇಬೇಕೆಂದಿಲ್ಲ. ಕೊಳ್ಳುವಾಗಲೇ ಕಣ್ಣಿನ ಅಗಲ 1.2 ಮಿಲಿಮೀಟರನ್ನು ಮೀರದ ಬಲೆಯನ್ನು ಆರಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ. ಕೀಟನಾಶಕ ಸವರಿದ ಸೊಳ್ಳೆಪರದೆಗಳನ್ನು ಮಾತ್ರ ಹುಳುವಿರುವ ಮನೆಯೊಳಗೆ ತರಬಾರದು. ಸಾದಾ ಪರದೆ ಸಾಕು. ಹಗಲು ಮಲಗುವ ಕೂಸು ಮತ್ತು ಜ್ವರ ಬಂದವರು ಇಬ್ಬರೂ ಪರದೆಯೊಳಗಿರಬೇಕು. ಜ್ವರ ಬಂದವರನ್ನು ಕಚ್ಚಿದ ಸೊಳ್ಳೆಯೇ ಅಲ್ಲವೆ ರೋಗವನ್ನು ಮುಂದಕ್ಕೆ ಒಯ್ಯುವುದು?

2024ರಲ್ಲಿ ಕರ್ನಾಟಕದ ಡೆಂಗಿ ಪ್ರಕರಣಗಳು ಮೂವತ್ತು ಸಾವಿರವನ್ನು ದಾಟಿದುವು. ಆ ವರ್ಷ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಯವರಿಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ಕಟ್ಟಡ ಕಟ್ಟುವ ಜಾಗಕ್ಕೂ ಖಾಲಿ ನಿವೇಶನಕ್ಕೂ ದಂಡ ಇನ್ನೂ ಹೆಚ್ಚು. ಖಾಲಿ ನಿವೇಶನದ ಮಾಲೀಕನ ವಿಷಯದಲ್ಲಿ ಇದು ಬೇಕಾದ ಕ್ರಮವೇ. ಆದರೆ ಬಂದ ಅಧಿಕಾರಿ ಅಂಗಳದ ಡ್ರಮ್ಮನ್ನು ನೋಡಿ ಹೋದಾನು. ಹುಳುಮನೆಗೆ ಹೊರಗಿನವರನ್ನು ಬಿಡದಿರುವುದು ಶುಚಿತ್ವದ ನಿಯಮವಾದುದರಿಂದ ಸ್ಟ್ಯಾಂಡಿನ ಕೆಳಗಿನ ಬೋಗುಣಿಯನ್ನು ಅವನು ನೋಡಲಾರ. ಅದನ್ನು ನೋಡಬಲ್ಲವರು ಆ ಮನೆಯ ಶಾಲೆ ಕಾಲೇಜಿನ ಹುಡುಗ ಹುಡುಗಿಯರು.

ಅವರಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಬೋಗುಣಿಯ ನೀರನ್ನು ಬಿಳಿಯ ತಟ್ಟೆಗೆ ಬಗ್ಗಿಸಿ ಮರಿಹುಳುಗಳನ್ನು ಎಣಿಸಿ, ಕಾಲಿಗೊಂದು ಸಂಖ್ಯೆ ಕೊಟ್ಟು ಬರೆದಿಟ್ಟುಕೊಳ್ಳಿ. ಹತ್ತು ಮರಿಗಳನ್ನು ಅದೇ ನೀರಿನೊಡನೆ ಗಾಜಿನ ಜಾಡಿಗೆ ಹಾಕಿ, ಬಾಯಿಗೆ ತೆಳುವಾದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ದಾರದಿಂದ ಬಿಗಿಯಾಗಿ ಕಟ್ಟಿ. ಬಾಲವನ್ನು ಮೇಲೆ ಮಾಡಿ ತಲೆಕೆಳಗಾಗಿ ನೇತಾಡುವವು ಈಡಿಸ್ ಅಥವಾ ಕ್ಯೂಲೆಕ್ಸ್. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದವು ಅನಾಫಿಲಿಸ್. ಅವು ಕಳಚಿದ ಚರ್ಮ ತೇಲುವುದನ್ನೂ ಕೆಲವು ದಿನಗಳಲ್ಲಿ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಕೋಶಗಳಾಗುವುದನ್ನೂ ನೋಡಿ. ಕೋಶವಾದ ಸುಮಾರು ಎರಡನೆಯ ದಿನ ಬೆಳಿಗ್ಗೆ ಬಟ್ಟೆಯ ಒಳಮೈಯಲ್ಲಿ ಸೊಳ್ಳೆಗಳು ಕುಳಿತಿರುತ್ತವೆ. ಕಾಲಿನ ಬಿಳಿಯ ಪಟ್ಟೆಯನ್ನು ಮನೆಯವರೆಲ್ಲರಿಗೂ ತೋರಿಸಿ. ಆಮೇಲೆ ಬಟ್ಟೆಯನ್ನು ಬಿಚ್ಚದೆಯೇ ಅದರ ಮೇಲೆ ಗಾಳಿಯಾಡದ ಮುಚ್ಚಳ ಹಾಕಿ, ಜಾಡಿಯನ್ನು ಸಂಜೆಯವರೆಗೆ ಬಿರುಬಿಸಿಲಿನಲ್ಲಿ ಇಡಿ.